ಒಡ್ಡಿನಲ್ಲಿ ಹೂತಿಟ್ಟ ಹಣತೆಗಳು

ನಮ್ಮ ಮನೆಯಲ್ಲಿ ನಲ್ಲಿ ನಿಲ್ಲಿಸಿದ ಮೇಲೂ ಅದರ ಕೆಳಗೆ ಅಂಗೈ ಒಡ್ಡಿ ನಿಲ್ಲುವವನು ನಾನೊಬ್ಬನೇ. ಹನಿ ಬೀಳುವುದಿಲ್ಲ ಎಂದು ಖಾತ್ರಿಯಾಗುವ ತನಕ ಅಲ್ಲಿಂದ ಕದಲುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದುತ್ತೇನೆ. "ಇವರಿಗೆ ಅನುಮಾನದ ರೋಗ, ಅದಕ್ಕ ಮದ್ದಿಲ್ಲ" ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನು ಸಿಟ್ಟಾಗುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಸರಕಾರ ನನಗೆ ಸಂಬಳ ಕೊಟ್ಟಿದ್ದೇ ಈ ರೋಗಕ್ಕೆ. ಅಣೆಕಟ್ಟು ಕಟ್ಟುವವನು ಎಲ್ಲರನ್ನೂ ನಂಬುತ್ತ ಕೂತರೆ ಕೆಳಗಿನ ಊರುಗಳು ಕೊಚ್ಚಿಹೋಗುತ್ತವೆ.

ನೌಕರಿ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ದಾಂಡೇಲಿಯಲ್ಲಿ. ಹೊಳೆಯ ನೀರು ಅಳೆಯುವ ತಂಡದಲ್ಲಿ ನಾನೇ ಕೊನೆಯವ. ದಿನಾ ಬೆಳಿಗ್ಗೆ ಮೌಳಂಗಿಯ ಹತ್ತಿರ ದಂಡೆಗೆ ಇಳಿದು, ನೀರಲ್ಲಿ ನಿಲ್ಲಿಸಿದ ಅಳತೆಗೋಲು ನೋಡಿ ಮಟ್ಟ ಬರೆದುಕೊಳ್ಳಬೇಕು. ಒಂದು ದಿನ ನಮ್ಮ ಹಿರಿಯ ಅಧಿಕಾರಿ, ಸದಾ ಎಲೆ ಅಡಿಕೆ ಮೆಲ್ಲುತ್ತಿದ್ದ ಧಾರವಾಡದ ಮನುಷ್ಯ, ನಾನು ಬರೆದ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು: "ಇದನ್ನ ಹೊಳಿ ನೋಡಿ ಬರದೀಯೋ, ನಿನ್ನಿ ಬರದದ್ದು ನೋಡಿ ಬರದೀಯೋ?"

ಆ ದಿನ ಜಡಿಮಳೆ. ನಾನು ಹೊಳೆಗೆ ಇಳಿದೇ ಇರಲಿಲ್ಲ. ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಎದ್ದು ಹೋಗಿ ಎಲೆ ಉಗುಳಿ ಬಂದರು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಅವತ್ತು ತನ್ನನ್ನು ತಿದ್ದಿಕೊಳ್ಳುವ ಪಾಠ ಕಲಿಯುತ್ತಿದ್ದ. ನಾನು ಕಲಿತ ಪಾಠ ಬೇರೆ. ನನ್ನಂಥ ಸಾಚಾ ಮನುಷ್ಯನೇ ಹೀಗೆ ಮಾಡಿದ ಮೇಲೆ ಉಳಿದವರು ಸುಮ್ಮನೆ ಬಿಟ್ಟಾರೆಯೇ ಅಂದುಕೊಂಡೆ.

ಕೆಲವು ವರ್ಷಗಳ ಮೇಲೆ ಬಡ್ತಿ ಕೊಟ್ಟು ಮುಂಡಗೋಡ ತಾಲ್ಲೂಕಿಗೆ ಹಾಕಿದರು. ಮಳಗಿಯ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಒಂದು ಹಳ್ಳ. ಅದಕ್ಕೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟು ಏಳಬೇಕಿತ್ತು. ಜನರ ಬಾಯಲ್ಲಿ ಅದು ಒಡ್ಡು. ಅದರ ಹೆಸರು ಹೇಳಿದರೂ ತಾಲ್ಲೂಕಿನ ಆಚೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ಮಣ್ಣಿನ ಒಡ್ಡು ಕಟ್ಟುವುದೆಂದರೆ ಮಣ್ಣು ತಂದು ಗುಡ್ಡೆ ಹಾಕುವುದಲ್ಲ. ಒಂದು ಗೇಣು ಮಣ್ಣು ಹರಡಬೇಕು, ಹದ ನೋಡಿ ನೀರು ಚಿಮುಕಿಸಬೇಕು, ಮೈತುಂಬ ಗೂಟಗಳಿರುವ ಭಾರದ ರೋಲರನ್ನು ಅದರ ಮೇಲೆ ಮತ್ತೆ ಮತ್ತೆ ಎಳೆಸಬೇಕು. ಮಣ್ಣು ಗಟ್ಟಿಯಾಗಿ ಕೂತ ಮೇಲೆ ಅದರ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ, ತಿಂಗಳುಗಟ್ಟಲೆ. ಎಲ್ಲೋ ಒಂದು ಪದರ ರೋಲರ್ ಕಾಣದೆ ಪೊಳ್ಳಾಗಿ ಉಳಿಯಿತೋ, ನೀರು ಅದನ್ನೇ ಹುಡುಕಿಕೊಂಡು ಬರುತ್ತದೆ. ಜೊತೆಗೆ ನನಗೆ ಇನ್ನೊಂದು ಗಡುವು ಇತ್ತು. ಜೂನ್ ತಿಂಗಳ ಮಿರಗದ ಮಳೆ ಹಿಡಿಯುವ ಮೊದಲು ಒಡ್ಡು ಗೊತ್ತುಪಡಿಸಿದ ಎತ್ತರ ಮುಟ್ಟಬೇಕು. ಅರ್ಧ ಕಟ್ಟಿದ ಒಡ್ಡಿನ ಮೇಲೆ ನೀರು ಹರಿದರೆ ಅದು ಬೆಲ್ಲದ ಹಾಗೆ ಕರಗುತ್ತದೆ. ಕೆಳಗೆ ಮೂರು ಹಳ್ಳಿಗಳಿದ್ದವು.

ಗುತ್ತಿಗೆದಾರ ಊರಲ್ಲಿ ಇರುತ್ತಿರಲಿಲ್ಲ. ಅವನ ಪರವಾಗಿ ಒಬ್ಬ ಸೂಪರ್‌ವೈಸರ್ ಇದ್ದ, ಬಾಯಿ ತೆರೆದರೆ ಬೆಣ್ಣೆ. ನಾನು ಒಡ್ಡಿನ ಈ ತುದಿಯಲ್ಲಿದ್ದರೆ ರೋಲರ್ ಈ ತುದಿಯಲ್ಲಿ ಓಡುತ್ತಿತ್ತು, ಆ ತುದಿಗೆ ಹೋದರೆ ಆ ತುದಿಗೆ. ನಾನು ಊಟಕ್ಕೆ ಕೂತರೆ ಅದೂ ಊಟಕ್ಕೆ ಕೂರುತ್ತಿತ್ತು. ನಮ್ಮ ಹತ್ತಿರ ಗಟ್ಟಿತನ ಅಳೆಯುವ ಉಪಕರಣ ಇತ್ತು, ನಿಜ. ಆದರೆ ಅದನ್ನು ಪದರಕ್ಕೆ ಹೊಡೆದು ಇಳಿಸಿ, ಮಣ್ಣು ತೆಗೆದು, ಒಣಗಿಸಿ, ತೂಗಿ ಮುಗಿಸುವುದರಲ್ಲಿ ಅರ್ಧ ದಿನ ಹೋಗುತ್ತಿತ್ತು. ನಾನು ಎಲ್ಲಿ ಹೊಡೆಯುತ್ತೇನೆ ಎಂದು ಮೊದಲೇ ವಾಸನೆ ಹಿಡಿದು ಅಷ್ಟೇ ಜಾಗವನ್ನು ಚೆನ್ನಾಗಿ ತುಳಿಸಿಡುತ್ತಾರೆ ಎಂಬ ಗುಮಾನಿ ನನಗೆ.

ಉಪಾಯ ಹೊಳೆದದ್ದು ದೀಪಾವಳಿಯ ಮರುದಿನ. ಅಂಗಳದಲ್ಲಿ ನನ್ನ ಚಪ್ಪಲಿಯಡಿ ಹಣತೆಯೊಂದು ಪುಡಿಯಾಯಿತು. "ನೋಡಿ ನಡೀಬಾರದ? ದೀಪದ ಪಣತಿ ಒಡದರ ಚಲೋ ಅಲ್ಲ" ಎಂದು ಹೆಂಡತಿ ರೇಗಿದಳು. ನಾನು ಕೂತು ಆ ಚೂರುಗಳನ್ನೇ ನೋಡುತ್ತಿದ್ದೆ. ಮಣ್ಣು ಹರಡುವ ಮೊದಲು ಒಂದು ಹಣತೆಯನ್ನು ಬೋರಲಾಗಿ ಅಡಿಯಲ್ಲಿ ಇಟ್ಟುಬಿಟ್ಟರೆ? ಬುಟ್ಟಿ ಮಣ್ಣು ಸುರಿದರೆ ಅದು ಒಡೆಯುವುದಿಲ್ಲ. ಅದನ್ನು ಹಿತ್ತಲಲ್ಲಿ ಪರೀಕ್ಷೆ ಮಾಡಿಯೇ ನಂಬಿದೆ. ರೋಲರ್ ಹಾದರೆ ಮಾತ್ರ ಪುಡಿ. ಮರುದಿನ ಬೆಳಿಗ್ಗೆ ಆ ಜಾಗ ಅಗೆದು ನೋಡಿದರೆ ಸಾಕು, ರೋಲರ್ ಬಂದಿತ್ತೋ ಇಲ್ಲವೋ ಹಣತೆಯೇ ಸಾಕ್ಷಿ ಹೇಳುತ್ತದೆ.

ಮುಂಡಗೋಡದಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಕಚೇರಿ ಕೆಲಸದ ನೆವ ಹೇಳಿ ಹಳಿಯಾಳಕ್ಕೆ ಹೋದೆ. ಪೇಟೆಯಲ್ಲಿ ಕುಂಬಾರರ ಹೆಂಗಸೊಬ್ಬಳ ಹತ್ತಿರ ಉಳಿದಿದ್ದ ಹಣತೆಗಳನ್ನೆಲ್ಲ ಕೊಂಡೆ. "ದೀಪಾವಳಿ ಮುಗೀತಲ್ರಿ" ಎಂದಳು. "ಮುಂದಿನ ವರ್ಷಕ್ಕ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಮಧ್ಯಾಹ್ನ ಕೂಲಿಯವರು ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಒಡ್ಡಿನ ಮೇಲೆ ಅಡ್ಡಾಡುತ್ತಿದ್ದೆ. ಬೇಕಾದ ಜಾಗದಲ್ಲಿ ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಕೂತು, ಜೇಬಿನ ಹಣತೆಯನ್ನು ಬೋರಲು ಇಟ್ಟು, ಮೇಲೆ ಎರಡು ಹಿಡಿ ಮಣ್ಣೆಳೆದು ಏಳುತ್ತಿದ್ದೆ. ಒಡ್ಡಿನ ಅಂಚಿಗೆ ನೆಟ್ಟ ಅಳತೆಯ ಗೂಟದಿಂದ ಎಷ್ಟು ದೂರ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಮೊದಲ ವಾರದಲ್ಲೇ ಎರಡು ಹಣತೆ ಇಟ್ಟ ಹಾಗೇ ಸಿಕ್ಕವು. ಆ ಎರಡೂ ಪದರಗಳನ್ನು ಕೆದರಿಸಿ ಮತ್ತೆ ರೋಲರ್ ಹೊಡೆಸಿದೆ. "ನಿಮಗ ಹೆಂಗ ಗೊತ್ತಾತ್ರಿ ಸಾಹೇಬ್ರ?" ಎಂದು ಸೂಪರ್‌ವೈಸರ್ ಕೇಳಿದ. ನಾನು ನಕ್ಕುಬಿಟ್ಟೆ. ಆ ನಗು ನೆನೆದರೆ ಈಗ ನನಗೇ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಮಣ್ಣು ಹೊರುವ ಹೆಂಗಸರ ಗ್ಯಾಂಗಿಗೆ ಮುಂದಾಳು ಒಬ್ಬ ಸಿದ್ದಿ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಗುಂಗುರು ಕೂದಲು ಅರ್ಧ ಬೆಳ್ಳಗಾಗಿತ್ತು. ಒಡ್ಡಿನಿಂದ ಮೂರು ಮೈಲಿ ಆಚೆಯ ಅವಳ ಕೇರಿಯ ಹೆಂಗಸರೇ ಗ್ಯಾಂಗಿನ ತುಂಬ. ಎಲ್ಲರೂ ಅವಳನ್ನು ಹಿರಿಯಾಕೆ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಮುಂಚೆ ಅವರು ಬೇಸಿಗೆ ಬಂತೆಂದರೆ ಗಂಟು ಮೂಟೆ ಕಟ್ಟಿ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಬೇಕಿತ್ತಂತೆ. "ಈ ಒಡ್ಡ ಮುಗಿಯೂತನಕಾ ನಾವು ನಮ್ಮ ಒಲಿ ಮುಂದ ಉಣ್ಣತೇವಿ" ಎಂದು ಒಮ್ಮೆ ನನಗೆ ಹೇಳಿದ್ದಳು. ಅವಳ ಮಗಳೂ ಅದೇ ಗ್ಯಾಂಗಿನಲ್ಲಿದ್ದಳು, ಚೊಚ್ಚಲ ಬಸುರಿ. ಅವಳಿಗೆ ಬುಟ್ಟಿ ಹೊರಿಸದೆ ನೀರು ಚಿಮುಕಿಸುವ ಕೆಲಸ ಕೊಟ್ಟಿದ್ದಳು ತಾಯಿ. ಗ್ಯಾಂಗಿನ ಮುಂದಾಳು ಮಗಳಿಗೆ ಹಗುರ ಕೆಲಸ ಕೊಟ್ಟಳೆಂದು ಅದನ್ನೂ ನಾನು ಡೈರಿಯಲ್ಲಿ ಬರೆದಿದ್ದೆ. ಆಗ ನನ್ನ ಹೆಂಡತಿಯೂ ಬಸುರಿ. ಎಂಥ ಮನುಷ್ಯ ನಾನು ನೋಡಿ.

ಅಣೆಕಟ್ಟು ಅಂದ ಮೇಲೆ ಬಲಿಯ ಮಾತು ಇದ್ದೇ ಇರುತ್ತದೆ. ಒಡ್ಡು ನಿಲ್ಲಬೇಕಾದರೆ ಜೀವ ಬೇಕು, ಅದರಲ್ಲೂ ಬಸುರಿಯ ಜೀವ ಆದರೆ ಎರಡು ಲೆಕ್ಕ, ಎಂದು ಚಹದಂಗಡಿಯಲ್ಲಿ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಈ ಮಾತು ಕೇಳಿದ್ದೇನೆ. ಹೊಸ ಮಣ್ಣನ್ನು ಹಳೆಯದಕ್ಕೆ ಬೆಸೆಯಲು ಅಂಚು ಕಡಿಯುತ್ತಿದ್ದ ಹೆಂಗಸರಿಗೆ ಒಂದು ದಿನ ಪುಡಿಯಾದ ಹಣತೆ ಸಿಕ್ಕಿತು. ಸ್ವಲ್ಪ ಆಚೆ ಇನ್ನೊಂದು. ಮೂರನೆಯದು ಅಂದೇ ನಾನು ಇಟ್ಟದ್ದು, ಇಡಿಯಾಗಿಯೇ, ಬೋರಲಾಗಿ ಮಲಗಿತ್ತು. ಕೆಲಸ ಅಲ್ಲಿಗೇ ನಿಂತಿತು. ದೀಪವನ್ನು ಬೋರಲು ಹಾಕಿ ಮಣ್ಣಿನಲ್ಲಿ ಹೂಳುವುದು ಯಾವ ಪೂಜೆಗೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿರಿಯಾಕೆ ಹಣತೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೇರ ನನ್ನ ಶೆಡ್ಡಿಗೆ ಬಂದಳು.

"ಸಾಹೇಬ್ರ, ಇದು ಯಾರ ಇಟ್ಟಿದ್ದು?"

ನಿಜ ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಆದರೆ ಹೊರಗೆ ಸೂಪರ್‌ವೈಸರ್ ನಿಂತಿದ್ದ, ರೋಲರ್ ಓಡಿಸುವವನು ನಿಂತಿದ್ದ. ಇವಳಿಗೆ ಹೇಳಿದರೆ ಅವರಿಗೆ ಹೇಳಿದ ಹಾಗೆ, ಅವರಿಗೆ ಗೊತ್ತಾದರೆ ನನ್ನ ಪರೀಕ್ಷೆಗೆ ಎಳ್ಳುನೀರು. ಅದಕ್ಕಿಂತ ಹೆಚ್ಚಾಗಿ, ಇವಳೂ ಅವರ ಪೈಕಿಯೇ ಇರಬಹುದಲ್ಲ?

"ನನಗೇನ ಗೊತ್ತು?" ಎಂದೆ.

ಅವಳು ನನ್ನ ಬೂಟುಗಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಹಣತೆಯನ್ನು ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟು ಹೊರಗೆ ಹೋದಳು. ಮರುದಿನ ಗ್ಯಾಂಗು ಬರಲಿಲ್ಲ.

ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಸೂಪರ್‌ವೈಸರ್ ಎಲ್ಲಿಂದಲೋ ಟ್ರ್ಯಾಕ್ಟರಿನಲ್ಲಿ ಬೇರೆ ಆಳು ತಂದ. ಅವರು ಗಂಬೂಟು ಹಾಕಿದ ಗಂಡಸರು. ಕೆಲಸ ನಡೆಯಿತು, ಆದರೆ ಎತ್ತರ ಏರುತ್ತಿರಲಿಲ್ಲ. ಅಷ್ಟು ಅಗಲದ ಒಡ್ಡಿಗೆ ಅವರು ಸಾಲುತ್ತಿರಲಿಲ್ಲ. ನಾನು ಹಣತೆ ಇಡುವುದನ್ನು ಬಿಡಲಿಲ್ಲ. ದಿನವೂ ಅಗೆದು ನೋಡುತ್ತಿದ್ದೆ, ದಿನವೂ ಹಣತೆ ಚೂರಾಗಿಯೇ ಸಿಗುತ್ತಿತ್ತು. ರೋಲರ್ ಇಷ್ಟು ನಿಯತ್ತಿನಿಂದ ಓಡಿದ್ದು ಹಿಂದೆಂದೂ ಇರಲಿಲ್ಲ. ನಾಲ್ಕು ಪದರಗಳನ್ನು ಹೀಗೆ ಒಪ್ಪಿದೆ. ದಕ್ಷಿಣದ ಕಡೆ ಮೋಡ ಕಾಣಿಸತೊಡಗಿತು. ಹನ್ನೆರಡನೇ ದಿನ ಸೈಕಲ್ ಹತ್ತಿ ಹಿರಿಯಾಕೆಯ ಕೇರಿಗೆ ಹೋದೆ.

ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸಗಣಿ ಸಾರಿಸಿದ ನೆಲ. ಒಳಮೂಲೆಯಲ್ಲಿ ಅವರ ಹಿರಿಯರ ಹೆಸರಿನಲ್ಲಿ ಇಟ್ಟ ತೆಂಗಿನಕಾಯಿ. ನನ್ನನ್ನು ಅದರ ಎದುರಿಗೇ ಚಾಪೆ ಹಾಸಿ ಕೂರಿಸಿದಳು. ಬಸುರಿ ಮಗಳು ನನ್ನನ್ನು ಕಂಡವಳೇ ಹಿಂಬಾಗಿಲಿನಿಂದ ಹೊರಗೆ ಹೋದಳು. ಯಾರೋ ನನ್ನನ್ನು ಕಂಡು ಹೀಗೆ ಹೆದರಿ ಹೋದದ್ದು ಅದೇ ಮೊದಲು.

"ಇಲ್ಲೆ ಸುಳ್ಳ ಹೇಳಾಕ ಬರೂದಿಲ್ರಿ. ನಮ್ಮ ಹಿರಿಯಾರು ಕುಂತಾರ" ಎಂದಳು. "ಈಗ ಹೇಳ್ರಿ."

ಹೇಳಿದೆ. ಹಣತೆ ಯಾಕೆ, ಬೋರಲು ಯಾಕೆ, ಎಲ್ಲ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಗುತ್ತಿದ್ದಾಳೆಂದು ಆಮೇಲೆ ತಿಳಿಯಿತು.

"ನೀವು ಬೂಟಿನ ದಾರ ಕಟ್ಟಾಕ ಕುಂತಲ್ಲೇ ಪಣತಿ ಅಂತ ಎಲ್ಲಾರಿಗೂ ಗೊತ್ತೈತ್ರಿ. ಆದ್ರ ಯಾಕ ಇಡತೀರಿ ಅಂತ ನಮಗ ಗೊತ್ತಿರಲಿಲ್ಲ. ರೋಲರ್ ಹೊಡದಾರೋ ಇಲ್ಲೋ ಅನ್ನೂದಕ್ಕ ಇಷ್ಟ ಮಾಡಿದ್ರಿ? ನಾವು ಬರಿಗಾಲಾಗ ನಡೆಯೂ ಮಂದಿ. ಗಟ್ಟಿ ಮಣ್ಣು ಯಾವುದು, ಪೊಳ್ಳ ಮಣ್ಣು ಯಾವುದು, ಹಿಮ್ಮಡಾನ ಹೇಳತೈತಿ. ನನ್ನ ಒಂದ ಮಾತ ಕೇಳಿದ್ರ ಆಗತಿತ್ತಲ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ನಾಳೆಯಿಂದ ಗ್ಯಾಂಗು ಬರಲಿ ಎಂದು ಕೇಳಿದೆ. ಅವಳ ನಗು ನಿಂತಿತು.

"ನಾ ನಂಬೇನಿ. ಉಳದ ಹೆಣಮಕ್ಕಳು ನಂಬಬೇಕಲ್ರಿ. ನಿಮ್ಮ ಮನಿಯಾಕಿನೂ ಬಸುರಿ ಅದಾರಂತ. ಅವರನ್ನ ಕರಕೊಂಡ ಬಂದು ಒಡ್ಡಿನ ಮ್ಯಾಲ ಈ ತುದಿಯಿಂದ ಆ ತುದೀತನಕಾ ನಡಸ್ರಿ. ಬರಿಗಾಲಾಗ. ಅವರ ಹಿಂದ ನನ್ನ ಮಗಳು ನಡೀತಾಳ."

ಎಂಜಿನಿಯರಿಂಗ್ ಓದಿದವನು ನಾನು. ಬಲಿ ಗಿಲಿ ಎಂದರೆ ನಗುವವನು. ಆಗಲಿ ಎನ್ನಬೇಕಿತ್ತು. ನನ್ನ ಹೆಂಡತಿ ಆ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಯುವುದನ್ನು ಎಣಿಸಿಕೊಂಡಾಗ ಬೆನ್ನಲ್ಲಿ ಚಳಿ ಬಂದದ್ದು ಸುಳ್ಳಲ್ಲ. ಹಿರಿಯಾಕೆ ನನ್ನನ್ನೇ ನೋಡುತ್ತಿದ್ದಳು.

"ನೋಡ್ರಿ, ನಿಮಗೂ ಅಂಜಿಕಿ ಆತು. ನನಗೂ ಹಿಂಗ ಆಗಿತ್ತು" ಎಂದಳು.

ಮನೆಗೆ ಬಂದು ಹೆಂಡತಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ. ಅವಳು ಕೇಳಿ, ಕೈಯಲ್ಲಿದ್ದ ಮೆಂತ್ಯ ಸೊಪ್ಪು ಸೋಸುವುದನ್ನು ನಿಲ್ಲಿಸದೆ, "ನಿಮ್ಮನ್ನ ನಂಬಿ ಮದವಿ ಆಗೇನಿ, ಮಣ್ಣ ನಂಬೂದೇನ ದೊಡ್ಡ ಮಾತು? ನಾಳೆ ಹೋಗೂಣು" ಎಂದಳು.

ಮರುದಿನ ಬೆಳಿಗ್ಗೆ ಒಡ್ಡಿನ ಎರಡೂ ಬದಿಗೆ ಹೆಂಗಸರು ನಿಂತಿದ್ದರು. ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದಳು. ಹತ್ತು ಹೆಜ್ಜೆ ಹಿಂದೆ ಹಿರಿಯಾಕೆಯ ಮಗಳು. ಅರ್ಧ ದಾರಿಯಲ್ಲಿ ನನ್ನ ಹೆಂಡತಿ ನಿಂತು, ಆ ಹುಡುಗಿ ಬರುವ ತನಕ ಕಾದು, ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಏನೋ ಮಾತಾಡಿಕೊಳ್ಳುತ್ತ ಹೋದರು. ನಾನು ಮಾತ್ರ ಪ್ರತಿ ಹೆಜ್ಜೆಯನ್ನೂ ಎಣಿಸುತ್ತಿದ್ದೆ. ಆ ತುದಿಯಲ್ಲಿ ಹಿರಿಯಾಕೆ ನನ್ನ ಹೆಂಡತಿಯ ಕಾಲಿಗೆ ನೀರು ಹಾಕಿ ಮಣ್ಣು ತೊಳೆದಳು, ತಲೆಗೆ ಅಬ್ಬಲಿಗೆ ದಂಡೆ ಮುಡಿಸಿದಳು. ಬುಟ್ಟಿಗಳು ಮೇಲೆದ್ದವು.

ಅದೇ ದಿನ ಮಧ್ಯಾಹ್ನ ಹಿರಿಯಾಕೆ ಒಡ್ಡಿನ ಪಶ್ಚಿಮದ ಕಡೆ ನಡೆಯುತ್ತಿದ್ದವಳು ನಿಂತಳು. ಎರಡು ಹೆಜ್ಜೆ ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ಹಿಮ್ಮಡಿಯಿಂದ ಮೆಲ್ಲಗೆ ಗುದ್ದಿದಳು.

"ಇಲ್ಲೆ ಪೊಳ್ಳ ಐತ್ರಿ ಸಾಹೇಬ್ರ. ಮ್ಯಾಲಿನ ಪದರ ಅಲ್ಲ, ಅದರ ಕೆಳಗಿಂದು."

ನಾನು ಒಪ್ಪಲಿಲ್ಲ. ಆ ಪದರಗಳ ಹಣತೆ ಚೂರಾಗಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ತಮ್ಮ ಜಾಗಕ್ಕೆ ಬಂದ ಆಳುಗಳ ಮೇಲಿನ ಸಿಟ್ಟಿಗೆ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವಳಿಗೆ ನೋವಾಯಿತು. "ಅಗದ ನೋಡ್ರಿ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು.

ಅಗೆಸಿದೆ. ಮೇಲಿನ ಪದರ ಕಲ್ಲಿನ ಹಾಗೆ ಇತ್ತು. ಅದರ ಕೆಳಗೆ ಗುದ್ದಲಿ ಸಲೀಸಾಗಿ ಇಳಿಯಿತು. ಮಣ್ಣು ಉಂಡೆ ಉಂಡೆಯಾಗಿ, ನಡುವೆ ಬೆರಳು ತೂರುವಷ್ಟು ಸಂದು. ಸೂಪರ್‌ವೈಸರನ ಮುಖ ಕಪ್ಪಿಟ್ಟಿತು. ಹಿಂದೆ ನಾನು ಪರೀಕ್ಷೆಗೆ ಅಗೆದಿದ್ದ ಕುಣಿಯ ಬದಿಯ ಮಣ್ಣಿನಲ್ಲಿ, ನಾನು ಕದಲಿಸದೆ ಬಿಟ್ಟ ಹಣತೆಯ ಚೂರುಗಳು ಇನ್ನೂ ಇದ್ದವು. ಆಗ ಅವನ್ನು ಸರಿಯಾಗಿ ನೋಡಿದೆ. ರೋಲರಿಗೆ ಸಿಕ್ಕ ಹಣತೆ ಹಪ್ಪಳದ ಹಾಗೆ ಇದ್ದಲ್ಲೇ ಚಪ್ಪಟೆಯಾಗಿ ಮಣ್ಣಿಗೆ ಕಚ್ಚಿಕೊಂಡಿರುತ್ತದೆ. ಇವು ಒಂದರ ಮೇಲೊಂದು ರಾಶಿಯಾಗಿ ಬಿದ್ದಿದ್ದವು. ಯಾರೋ ಹಣತೆಯನ್ನು ತೆಗೆದು, ಕಲ್ಲಿನಿಂದ ಕುಟ್ಟಿ, ತಿರುಗಿ ಅಲ್ಲೇ ಸುರಿದಿದ್ದರು. ದಿನಾ ಬೆಳಿಗ್ಗೆ ನಾನು ಚೂರು ಕಂಡು ಖುಷಿಪಟ್ಟಿದ್ದೆ, ಚೂರುಗಳನ್ನು ನೋಡಿರಲಿಲ್ಲ. ಇಡೀ ಕೆಲಸದಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದು ಒಂದನ್ನೇ, ನನ್ನ ಸ್ವಂತ ಉಪಾಯವನ್ನು.

ಪಶ್ಚಿಮದ ಆ ಭಾಗದಲ್ಲಿ ನಾಲ್ಕು ಪದರ ತೆಗೆಸಿ ಮತ್ತೆ ಹಾಕಿಸಿದೆ. ಗುತ್ತಿಗೆದಾರ ಸೂಪರ್‌ವೈಸರನನ್ನು ಬದಲಿಸಿದ. ಹಿರಿಯಾಕೆಯ ಗ್ಯಾಂಗು ಬಿಸಿಲು ಲೆಕ್ಕಿಸದೆ ದುಡಿಯಿತು. ಪದರ ಮುಗಿದ ಮೇಲೆ ಅವಳು ಒಡ್ಡಿನ ಉದ್ದಕ್ಕೂ ನಡೆದು "ಹೂಂ" ಅನ್ನುವುದು, ಆಮೇಲೆ ನಾನು ಸಹಿ ಹಾಕುವುದು ರೂಢಿಯಾಯಿತು. ಮಿರಗ ಹಿಡಿಯುವ ನಾಲ್ಕು ದಿನ ಮೊದಲು ಒಡ್ಡು ಎತ್ತರ ಮುಟ್ಟಿತು. ಆ ಮಳೆಗಾಲ ನೀರು ನಿಂತಿತು. ಒಡ್ಡಿನ ಬುಡದಲ್ಲಿ ಕೊಡೆ ಹಿಡಿದು ತೇವ ಹುಡುಕಿ ಹುಡುಕಿ ನಾನೇ ಒದ್ದೆಯಾದೆ, ಒಡ್ಡಿನ ಬುಡ ಒಣಗಿಯೇ ಇತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಮಾಧಾನದಿಂದ ಬರೆಯುತ್ತಿದ್ದೆ.

ನಾಯಿ ಬಾಲದ ಡೊಂಕು ಅನ್ನುತ್ತಾರಲ್ಲ. ಹಿರಿಯಾಕೆ "ಹೂಂ" ಅಂದದ್ದು ನಿಜವೋ ಎಂದು ನೋಡಲು ಒಡ್ಡು ಎತ್ತರ ಮುಟ್ಟುವ ಮುಂಚಿನ ಎರಡು ತಿಂಗಳೂ ನಾನು ಆಗಾಗ ಹಣತೆ ಇಡುತ್ತಲೇ ಇದ್ದೆ. ಬೂಟಿನ ದಾರದ ಗುಟ್ಟು ಹೊರಬಿದ್ದಿತ್ತಲ್ಲ, ಈ ಸಲ ಕೊಡೆ ಕೈಜಾರಿ ಬಿದ್ದ ಹಾಗೆ ಮಾಡಿ ಬಗ್ಗುತ್ತಿದ್ದೆ. ಬೆಳಿಗ್ಗೆ ಅಗೆದರೆ ಹಣತೆಯೇ ಇಲ್ಲ. ಇಡಿಯದೂ ಇಲ್ಲ, ಚೂರೂ ಇಲ್ಲ. ಅಳತೆ ತಪ್ಪಿತೇ ಎಂದು ಎರಡು ಕಡೆ ಅಗೆದೆ. ಇಲ್ಲ. ಕೊನೆಗೆ ಒಂದು ಸಂಜೆ ಹಿರಿಯಾಕೆ ನನ್ನ ಕೊಡೆ ಬಿದ್ದ ಜಾಗದಲ್ಲಿ ಬಗ್ಗಿದ್ದನ್ನು ದೂರದಿಂದ ಕಂಡೆ. ಕೇಳಲಿಲ್ಲ. ಆ ಜಾಗಗಳಲ್ಲೆಲ್ಲ ಉಪಕರಣದಿಂದ ಪರೀಕ್ಷೆ ಮಾಡಿದೆ, ಎಲ್ಲ ಗಟ್ಟಿಯಾಗಿದ್ದವು. ಆದರೂ ಮನಸ್ಸು ಕೇಳಲಿಲ್ಲ. ರೋಲರ್ ಓಡಿಸುವವನ ಜೊತೆ ಸೇರಿ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಡೈರಿಯಲ್ಲಿ ಹಣತೆ ಸಿಗದ ಪ್ರತಿ ದಿನದ ಎದುರಿಗೂ "ಕಳವು" ಎಂದು ಬರೆದೆ.

ಶ್ರಾವಣದಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ ಹೆಣ್ಣು ಮಗು ಹುಟ್ಟಿತು. ಗಣೇಶನ ಹಬ್ಬ ಮುಗಿಯುತ್ತಲೇ ನನಗೆ ಜೋಯಿಡಾ ಕಡೆಯ ದೊಡ್ಡ ಕೆಲಸಕ್ಕೆ ವರ್ಗ ಆಯಿತು. ಒಡ್ಡಿನ ಉಳಿದ ಕೆಲಸ ಮಳೆಗಾಲ ಕಳೆದ ಮೇಲೆ ನಡೆಯಬೇಕಿತ್ತು, ಅದಕ್ಕೆ ಮುಂದೆ ಬರುವ ಅಧಿಕಾರಿಗೆ ಟಿಪ್ಪಣಿ ಬರೆದಿಟ್ಟೆ. ಮಣ್ಣು ಎಲ್ಲಿಯದು, ನೀರಿನ ಹದ ಎಷ್ಟು, ಯಾವ ಕಡೆ ಎಚ್ಚರ ಬೇಕು. ಕೊನೆಯಲ್ಲಿ ಒಂದು ಸಾಲು: "ಹೆಂಗಸರ ಗ್ಯಾಂಗಿನ ಮುಂದಾಳಿನ ಮೇಲೆ ನಿಗಾ ಇರಲಿ, ಪರೀಕ್ಷೆಯ ಸಾಮಾನು ಕಳವು ಮಾಡಿದ ಅನುಮಾನವಿದೆ."

ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಿದ್ದೆ. ಹಿರಿಯಾಕೆ ಬಂದಳು. ಅವಳ ಕೇರಿಯಿಂದ ಪೇಟೆ ಒಡ್ಡಿಗಿಂತ ಎಷ್ಟೋ ದೂರ, ಆದರೂ ನಡೆದೇ ಬಂದಿದ್ದಳು. ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ ಗಂಟೊಂದನ್ನು ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಟ್ಟಳು.

"ಕೂಸು, ಬಾಣಂತಿ ಚಲೋ ಅದಾರಲ್ರಿ?"

"ಚಲೋ ಅದಾರ. ನಿನ್ನ ಮಗಳು?"

"ಆಕೀಗೂ ಹೆಣ್ಣ ಆತ್ರಿ. ತಗೋರಿ, ನಿಮ್ಮ ಪಣತಿ. ಇಬ್ಬರದೂ ಹೆರಿಗಿ ಆಗೂತನಕಾ ಜ್ವಾಕಿ ಮಾಡಿದ್ನಿ."

ಗಂಟು ಬಿಚ್ಚಿದೆ. ಒಂದಕ್ಕೂ ಮುಕ್ಕಾಗಿರಲಿಲ್ಲ. ಎಣ್ಣೆ ಬತ್ತಿ ಕಾಣದ ಹೊಸ ಹಣತೆಗಳು.

"ಮನಿಯಾಗ ಬಸುರಿ ಇದ್ದಾಗ ಗಂಡನ ಕೈಲೆ ದೀಪ ಒಡೀಬಾರದ್ರಿ" ಎಂದಳು. "ನೀವು ಹೇಳಿದ್ರ ಕೇಳೂ ಪೈಕಿ ಅಲ್ಲ. ಅದಕ್ಕ ಕೊಡಿ ಬಿದ್ದಲ್ಲೆಲ್ಲಾ ರೋಲರ್ ಬರೂ ಮೊದಲ ಹೋಗಿ ತಗದೇನಿ. ರೋಲರ್ ಹೊಡದದ್ದು ನಾನ ನಡದ ನೋಡೇನಿ, ಅದರ ಚಿಂತಿ ಮಾಡಬ್ಯಾಡ್ರಿ."

"ಅವ್ವಾ" ಎಂದೆ. ಬಸ್ಸು ಹೊರಟಿತು. ಇಳಿಯಬೇಕಿತ್ತು, ಇಳಿದು ಕಚೇರಿಗೆ ಹೋಗಿ ಆ ಸಾಲು ಹೊಡೆದುಹಾಕಬೇಕಿತ್ತು. ಜೋಯಿಡಾ ತಲುಪಿ ಪತ್ರ ಬರೆದರಾಯಿತು ಎಂದುಕೊಂಡೆ. ಚೀಲದಿಂದ ಡೈರಿ ತೆಗೆದು ನೋಡಿದೆ. ಹನ್ನೊಂದು ಕಡೆ ನನ್ನದೇ ಅಕ್ಷರದಲ್ಲಿ "ಕಳವು" ಎಂದಿತ್ತು. ತೊಡೆಯ ಮೇಲೆ ಹನ್ನೊಂದು ಹಣತೆಗಳಿದ್ದವು.

ತಲುಪಿದ ದಿನವೇ ಪತ್ರ ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು. ನನ್ನ ಜಾಗಕ್ಕೆ ಬಂದವನು ನನ್ನ ಹಾಗೆ ಅನುಮಾನದ ಮನುಷ್ಯನಲ್ಲ, ಬರೆದದ್ದನ್ನು ನಂಬುವವನು. ತಮ್ಮ ಟಿಪ್ಪಣಿಯಂತೆ ಆ ಗ್ಯಾಂಗನ್ನು ಮೊದಲ ದಿನವೇ ಬಿಡಿಸಿ ಬೇರೆಯವರನ್ನು ಗೊತ್ತು ಮಾಡಿಯಾಗಿದೆ, ಈಗ ಬದಲಿಸಲು ಬರುವುದಿಲ್ಲ, ತಾವು ಮೊದಲೇ ಎಚ್ಚರಿಸಿದ್ದು ಉಪಕಾರವಾಯಿತು ಎಂದು ಬರೆದಿದ್ದ. ಮುಂದಿನ ಭಾನುವಾರ ಅವಳ ಕೇರಿಗೆ ಹೋದೆ. ಬಾಗಿಲಿಗೆ ಹಗ್ಗ ಬಿಗಿದಿತ್ತು. ಎಲ್ಲರೂ ಗೋವಾಕ್ಕೆ ಹೋದರು, ಎಳೆಗೂಸು ಕಟ್ಟಿಕೊಂಡು ಮಗಳೂ ಹೋದಳು ಎಂದು ಪಕ್ಕದ ಮನೆಯ ಮುದುಕ ಹೇಳಿದ. ಯಾವ ಊರು, ಯಾರ ಹತ್ತಿರ ಎಂದು ಅವನಿಗೂ ಗೊತ್ತಿರಲಿಲ್ಲ. ಮತ್ತೆ ಎರಡು ಸಲ ಹೋಗಿದ್ದೆ. ಹಗ್ಗ ಹಾಗೇ ಇತ್ತು.

ಎಂಬತ್ತರ ದಶಕವೆಲ್ಲ ಜೋಯಿಡಾ, ದಾಂಡೇಲಿಗಳ ಕಾಡಿನಲ್ಲೇ ಕಳೆಯಿತು. ಕಾಂಕ್ರೀಟು, ಗೇಟು, ಸುರಂಗ. ನನ್ನ ಕೆಲಸದಲ್ಲಿ ಸೋರಿಕೆ ಇಲ್ಲವೆಂದು ಮೇಲಿನವರು ಹೊಗಳಿದರು. ಮಣ್ಣಿನ ಕೆಲಸ ಎಲ್ಲಿ ಬಂದರೂ ಬರಿಗಾಲಿನ ಹೆಂಗಸರನ್ನು ಕರೆದು, ನಡೆದು ನೋಡಿ ಹೇಳ್ರವ್ವಾ ಎಂದು ಕೇಳುತ್ತಿದ್ದೆ. ಕಿರಿಯ ಎಂಜಿನಿಯರುಗಳು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ. ಆದರೆ ನಾನು ಮಾಡಿದ ತಪ್ಪಿಗೆ ಅದು ಸಾಟಿಯಲ್ಲ, ನನಗೆ ಗೊತ್ತು. ಒಲೆಯ ಮುಂದೆ ಕೂತು ಉಣ್ಣುತ್ತಿದ್ದವರನ್ನು ನನ್ನ ಒಂದು ಸಾಲು ಎಬ್ಬಿಸಿ ಓಡಿಸಿತು. ಇವತ್ತಿಗೂ ನಾಚಿಕೆಯಾಗುತ್ತದೆ.

ದೀಪಾವಳಿಗೆ ಆ ಹಣತೆಗಳನ್ನು ನನ್ನ ಹೆಂಡತಿಯೇ ಹಚ್ಚುತ್ತಾಳೆ. ನನ್ನ ಪಾಲಿಗೆ ಮರುದಿನ ಬೆಳಗಿನ ಕೆಲಸ. ಒಂದೊಂದನ್ನೂ ಒರೆಸಿ, ಅದೇ ಸೀರೆಯ ಚೂರಿನಲ್ಲಿ ಕಟ್ಟಿ ಒಳಗಿಡುತ್ತೇನೆ. ಹನ್ನೊಂದೂ ಇವೆಯೇ ಎಂದು ಮಾತ್ರ ಎಣಿಸುವುದಿಲ್ಲ.